ದತ್ತು ಮಗು ಮತ್ತು ಹೊರನಾಡ ಕನ್ನಡ ಮನೆ

(ಸಂಘದ ಮಾಸಿಕ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಗಡಿ, ಭಾಷೆ, ಮುಂಬಯಿಯ ಕನ್ನಡ ಶಾಲೆಗಳ ಅಳಿವು ಉಳಿವು, ಇಂಥ ಪ್ರಶ್ನೆಗಳನ್ನು ಚರ್ಚಿಸುವುದು ಈ ವೇದಿಕೆಯ ವಾಡಿಕೆ. ದತ್ತು ಸ್ವೀಕಾರದಂತಹ ಮನೆಯೊಳಗಿನ ಸಂಗತಿಯನ್ನು ಇಲ್ಲಿಗೆ ತರುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಸಂಘದ ಪರಿಚಯದ ನಾಲ್ಕು ಕುಟುಂಬಗಳು ಈ ವಿಷಯವಾಗಿ ನನ್ನಲ್ಲಿಗೆ ಬಂದವು. ನಾನು ಆ ಇಲಾಖೆಯವನಲ್ಲ. ಕೇಂದ್ರ ಸರ್ಕಾರದ ಅಧಿಕಾರಿಯಾದವನಿಗೆ ಸರ್ಕಾರದ ಸಕಲ ನಿಯಮಗಳೂ ತಿಳಿದಿರುತ್ತವೆಂಬ ನಂಬಿಕೆ ನಮ್ಮ ಜನರಲ್ಲಿದೆ. ಅದನ್ನು ಹುಸಿಗೊಳಿಸಬಾರದೆಂದು ನಿಯಮಾವಳಿಯನ್ನು ತರಿಸಿ ಓದಿದೆ. ನಾಲ್ಕೂ ಕುಟುಂಬಗಳು ಕೇಳಿದ ಪ್ರಶ್ನೆ ಬಹುಮಟ್ಟಿಗೆ ಒಂದೇ: "ನಮ್ಮ ಕಡೆಯ ಮಗು ಸಿಗುವುದೇ?"

ಈ ಪ್ರಶ್ನೆಗೆ ಸರ್ಕಾರದ ನಿಯಮದಲ್ಲೇ ಒಂದು ಆಸರೆ ಇದೆ. 2022ರ ದತ್ತು ಸ್ವೀಕಾರ ವಿನಿಯಮಗಳ ಪ್ರಕಾರ, ಹೆಸರು ನೋಂದಾಯಿಸುವ ದಂಪತಿ ತಮ್ಮ ತವರು ರಾಜ್ಯವನ್ನೋ ಪ್ರದೇಶವನ್ನೋ ಆಯ್ಕೆಯಾಗಿ ಸೂಚಿಸಬಹುದು. ಮಗುವೂ ಕುಟುಂಬವೂ ಒಂದೇ ಸಾಮಾಜಿಕ, ಸಾಂಸ್ಕೃತಿಕ ಪರಿಸರಕ್ಕೆ ಸೇರಿದ್ದರೆ ಪರಸ್ಪರ ಹೊಂದಿಕೊಳ್ಳುವುದು ಸುಲಭವೆಂಬುದು ಸರ್ಕಾರ ಕೊಟ್ಟ ಕಾರಣ. ಬೆಂಗಳೂರಿನಲ್ಲಿ ಕುಳಿತವನಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಎರಡು ತಲೆಮಾರುಗಳಿಂದ ಡೊಂಬಿವಲಿಯಲ್ಲಿಯೋ ಪಿಂಪರಿಯಲ್ಲಿಯೋ ನೆಲೆಸಿ, ಪಡಿತರ ಚೀಟಿ ಮಹಾರಾಷ್ಟ್ರದ್ದು, ಮನೆದೇವರು ವಿಜಯಪುರ ಜಿಲ್ಲೆಯದು ಎಂದು ಬದುಕುವ ನಮ್ಮಂಥವರು ಆ ಜಾಗದಲ್ಲಿ ಏನೆಂದು ಬರೆಯಬೇಕು? ನನ್ನ ಬಳಿಗೆ ಬಂದವರೆಲ್ಲರೂ ಒಂದು ಕ್ಷಣವೂ ಯೋಚಿಸದೆ ಕರ್ನಾಟಕ ಎಂದರು. ಸಹಜ. ಆದರೆ "ನಮ್ಮ ಕಡೆ" ಎಂಬ ಆ ಎರಡು ಪದಗಳನ್ನು ಸ್ವಲ್ಪ ಬಿಡಿಸಿ ನೋಡಿದಾಗ ಭಾಷೆಯ ಹಿಂದೆ ಜಿಲ್ಲೆ, ಜಿಲ್ಲೆಯ ಹಿಂದೆ ಜಾತಿ, ಜಾತಿಯ ಹಿಂದೆ ಮೈಬಣ್ಣ, ಒಂದರ ಬೆನ್ನಿಗೊಂದು ನಿಂತಿದ್ದವು. ಒಬ್ಬ ಹಿರಿಯರಂತೂ, "ಮಗುವಿನ ಜಾತಿಯನ್ನು ಕಡತದಲ್ಲಿ ಬರೆದಿರುತ್ತಾರಲ್ಲವೇ?" ಎಂದೇ ಕೇಳಿದರು. ತೊಟ್ಟಿಲಲ್ಲಿ ಸಿಕ್ಕ ಕೂಸಿಗೆ ಜಾತಿ ಬರೆಯುವವರಾರು?

ದತ್ತಕ ನಮಗೆ ಹೊಸದಲ್ಲ. ಆದರೆ ನಮ್ಮ ಪೂರ್ವಿಕರ ದತ್ತಕ ಮಗುವಿನ ಸಲುವಾಗಿ ಹುಟ್ಟಿದ್ದಲ್ಲ. ಪಿಂಡ ಹಾಕಲೊಬ್ಬ, ಆಸ್ತಿ ಹಿಡಿಯಲೊಬ್ಬ, ಗಾದಿಗೆ ಒಬ್ಬ ಬೇಕಾಗಿದ್ದ. ಆದ್ದರಿಂದ ಗಂಡೇ ಆಗಬೇಕಿತ್ತು, ಸಗೋತ್ರದವನಾದರೆ ಇನ್ನೂ ಒಳ್ಳೆಯದು. ನಮ್ಮ ಇತಿಹಾಸವನ್ನೇ ನೋಡಿ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ದತ್ತು ಪಡೆದ ಬಾಲಕನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಚೆನ್ನಮ್ಮ ರಾಣಿಯ ಯುದ್ಧ ಹೊತ್ತಿಕೊಂಡದ್ದು ಅದರಿಂದ. ಡಾಲ್‌ಹೌಸಿಯ ಹೆಸರಿನಲ್ಲಿ ನಾವು ಶಾಲೆಯಲ್ಲಿ ಓದುವ ನೀತಿ ಬಂದದ್ದು ಇನ್ನೂ 24 ವರ್ಷಗಳ ನಂತರ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷರು ಅದನ್ನು ಒಪ್ಪಿದರು. ಆ ಒಂದು ಒಪ್ಪಿಗೆಯಿಂದಲೇ 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಸಾಮಾನ್ಯರ ಮನೆಗಳಲ್ಲೂ ದತ್ತಕವೆಂದರೆ ಕೋರ್ಟು ಕಚೇರಿಯೇ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿಯ ವಿಧವೆ ಗಂಡನ ಅನುಮತಿಯಿಲ್ಲದೆಯೂ ದತ್ತು ಪಡೆಯಬಲ್ಲವಳಾಗಿದ್ದಳು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಯ ವಿಧವೆ ಗಂಡನ ಅನುಮತಿ ಇಲ್ಲದಿದ್ದರೆ ಅವನ ದಾಯಾದಿಗಳ ಒಪ್ಪಿಗೆಗಾಗಿ ಕೈಯೊಡ್ಡಬೇಕಿತ್ತು. ಭಾಷೆ ಒಂದೇ, ಪ್ರಾಂತ ಎರಡು, ಹೆಂಗಸಿನ ಹಕ್ಕೂ ಎರಡು ಬಗೆ. ಈ ಕಥೆಗಳಲ್ಲೆಲ್ಲ ದತ್ತು ಹೋದ ಹುಡುಗನನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬುದಕ್ಕೆ ದಾಖಲೆ ಕಾಣುವುದಿಲ್ಲ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದಿತು. ವಿವಾಹಿತ ಸ್ತ್ರೀ ತನ್ನ ಹೆಸರಿನಲ್ಲಿ, ಗಂಡನ ಸಮ್ಮತಿಯೊಡನೆ, ದತ್ತು ಪಡೆಯುವ ಹಕ್ಕು ಬರಲು ಮಾತ್ರ 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ತಮ್ಮನ ಮಗುವನ್ನು ಅಣ್ಣ ನೋಂದಾಯಿತ ಪತ್ರದ ಮೂಲಕ ದತ್ತು ಪಡೆಯುವುದಕ್ಕೆ ಇದರಡಿ ಅಡ್ಡಿಯಿಲ್ಲ. ಮುಸ್ಲಿಂ, ಕ್ರೈಸ್ತ, ಪಾರ್ಸಿ ಬಾಂಧವರಿಗೆ ಬಹುಕಾಲ ಇದ್ದದ್ದು 1890ರ ಪೋಷಕತ್ವದ ಕಾಯಿದೆ ಮಾತ್ರ. ಅದರಲ್ಲಿ ಮಗುವಿಗೆ 18 ತುಂಬಿತೆಂದರೆ ಸಂಬಂಧ ಮುಗಿಯಿತು. 2000ದ ಬಾಲನ್ಯಾಯ ಕಾಯಿದೆಯೂ ಅದರ ತಿದ್ದುಪಡಿಗಳೂ ಎಲ್ಲ ಧರ್ಮದವರಿಗೂ ಒಂದೇ ಬಾಗಿಲನ್ನು ತೆರೆದವು. ಅದನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಶಬನಂ ಹಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2016ರ ಜನವರಿಯಿಂದ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಇಂದು ನಾನು ಮಾತನಾಡುವುದು ಈ ಬಾಗಿಲಿನ ವಿಷಯ: ತಂದೆ ತಾಯಿ ಇಲ್ಲದ, ತೊರೆದ, ಅಥವಾ ಒಪ್ಪಿಸಿದ ಮಗುವನ್ನು ಸರ್ಕಾರದ ವ್ಯವಸ್ಥೆಯ ಮೂಲಕ ಮನೆಗೆ ಕರೆತರುವುದು. ಇದರ ಮೇಲ್ವಿಚಾರಣೆ ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ್ದು. ಜನ ಅದನ್ನು 'ಕಾರಾ' ಎನ್ನುತ್ತಾರೆ. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿಯವರು ಹಾಕಿಕೊಟ್ಟ ಸೂತ್ರಗಳಿಂದ ಬೆಳೆದು, 1990ರಲ್ಲಿ ಸ್ಥಾಪಿತವಾದ ಸಂಸ್ಥೆ ಇದು. ಭಾರತದ ಮಕ್ಕಳನ್ನು ವಿದೇಶಕ್ಕೆ ಕಳುಹಿಸುವಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಒಬ್ಬ ವಕೀಲರು ಬರೆದ ಪತ್ರದಿಂದ ಆ ಪ್ರಕರಣ ಹುಟ್ಟಿತೆಂಬುದನ್ನು ನೆನಪಿಡಬೇಕು.

ಈಗ, "ಸರ್ಕಾರದ ದಾರಿಯಲ್ಲಿ ಯಾಕಿಷ್ಟು ತಡ?" ಎಂಬ ದೂರು. ತಡದಲ್ಲಿ ಎರಡು ಬಗೆಗಳಿವೆ. ಅವನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು, ಇರಲೇಬೇಕಾದ ತಡ. ಒಬ್ಬ ತಾಯಿ ತನ್ನ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಿದಳೆನ್ನೋಣ. ಮನಸ್ಸು ಬದಲಿಸಲು ಕಾನೂನು ಅವಳಿಗೆ ಎರಡು ತಿಂಗಳ ಅವಕಾಶ ಕೊಡುತ್ತದೆ. ಆ ಅವಧಿಯೊಳಗೆ ಬಂದು "ನನ್ನ ಕೂಸನ್ನು ನನಗೆ ಕೊಡಿ" ಎಂದರೆ ಅವಳ ಮಾತನ್ನು ಕೇಳಬೇಕು. ಬೀದಿಯಲ್ಲೋ ನಿಲ್ದಾಣದಲ್ಲೋ ಆಸ್ಪತ್ರೆಯ ಹೊಸ್ತಿಲಲ್ಲೋ ಸಿಕ್ಕ ಮಗುವಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪೊಲೀಸರು ಹುಡುಕಬೇಕು. ಕಳೆದುಹೋದ ಮಗುವೋ ತೊರೆದ ಮಗುವೋ ಎಂದು ತಿಳಿಯಬೇಡವೇ? ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳೊಳಗೆ ಸಮಿತಿ ತೀರ್ಮಾನ ಕೊಡಬೇಕು. ಆಮೇಲಷ್ಟೆ ಆ ಮಗು ದತ್ತಕಕ್ಕೆ ಕಾನೂನುಬದ್ಧವಾಗಿ ಮುಕ್ತ. ಕಾಯುವ ದಂಪತಿಗೆ ಈ ದಿನಗಳು ಕಚೇರಿಯ ಆಲಸ್ಯದಂತೆ ಕಾಣುತ್ತವೆ. ಅವು ಹಡೆದವಳ ದಿನಗಳು. ಬಡತನದಿಂದಲೋ ಊರಿನವರ ಬಾಯಿಗೆ ಹೆದರಿಯೋ ಮಗುವನ್ನು ಬಿಟ್ಟ ಹೆಣ್ಣಿಗೆ ನಮ್ಮ ಸಮಾಜ ಕೊಟ್ಟಿರುವ ಗೌರವ ಅಷ್ಟಕ್ಕಷ್ಟೆ. ಕಾನೂನು ಕೊಡುವ ಈ ಎರಡು ತಿಂಗಳನ್ನೂ ಕಿತ್ತುಕೊಳ್ಳುವುದು ಬೇಡ.

ಎರಡನೆಯದು, ಇರಬಾರದ ತಡ. 2022ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ದತ್ತಕ ಕಾನೂನುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. 2021ರ ಕೊನೆಗೆ ನೋಂದಾಯಿಸಿ ಕಾಯುತ್ತಿದ್ದವರು 27,939. ಸಂಸ್ಥೆಗಳಲ್ಲಿ ದತ್ತಕಕ್ಕೆ ಅರ್ಹರೆಂದು ಎಣಿಸಿದ ಮಕ್ಕಳು 6,996. ಅವರಲ್ಲಿ ಕಾನೂನುಬದ್ಧವಾಗಿ ಮುಕ್ತರೆಂದು ಘೋಷಿತರಾದವರು 2,430 ಮಾತ್ರ. ಕಾಯುವ ಅವಧಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿತ್ತು. ಕಡತದ ಮೇಲೊಂದು ಸಹಿ ಇಲ್ಲದೆ ಮಕ್ಕಳು ಸಂಸ್ಥೆಯಲ್ಲೇ ಬೆಳೆದು ದೊಡ್ಡವರಾಗುವುದು ನಮ್ಮ ಆಡಳಿತಕ್ಕೆ ಒಪ್ಪುವ ಮಾತಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತಕದ ಆದೇಶ ಹೊರಡಿಸುವ ಅಧಿಕಾರವನ್ನು ನ್ಯಾಯಾಲಯಗಳಿಂದ ಜಿಲ್ಲಾಧಿಕಾರಿಗಳಿಗೆ ವರ್ಗಾಯಿಸಿದ್ದು ವೇಗಕ್ಕಾಗಿಯೇ. ಆರಂಭದಲ್ಲಿ ಗೊಂದಲವೂ ಆಯಿತು. ಬಾಕಿ ಪ್ರಕರಣಗಳ ವಿಷಯದಲ್ಲಿ 2023ರ ಜನವರಿಯಲ್ಲಿ ನಮ್ಮ ಮುಂಬಯಿ ಉಚ್ಚ ನ್ಯಾಯಾಲಯವೇ ಮಧ್ಯೆ ಬರಬೇಕಾಯಿತು. ಈಚೆಗೆ ಸ್ಥಿತಿ ಕೊಂಚ ಸುಧಾರಿಸಿದೆ. 2024-25ರಲ್ಲಿ 4,515 ಮಕ್ಕಳು ದತ್ತು ಹೋದರು. ಅವರಲ್ಲಿ 4,155 ಮಕ್ಕಳು ದೇಶದೊಳಗಿನ ಮನೆಗಳಿಗೆ. ಇಷ್ಟು ದೊಡ್ಡ ದೇಶಕ್ಕೆ ಇದೂ ಸಣ್ಣ ಸಂಖ್ಯೆಯೇ. ಕೆಲವು ವರ್ಷಗಳಿಂದ ಗಂಡಿಗಿಂತ ಹೆಣ್ಣುಮಕ್ಕಳೇ ಹೆಚ್ಚಾಗಿ ದತ್ತು ಹೋಗುತ್ತಿದ್ದಾರೆ. ಇದನ್ನು ಕೇಳಿ ಸಂತೋಷಪಡುವ ಮೊದಲು, ತೊಟ್ಟಿಲಿಗೆ ಬಂದು ಬೀಳುವವರಲ್ಲಿ ಹೆಚ್ಚಿನವರು ಯಾರು ಎಂದು ಕೇಳಿಕೊಳ್ಳಬೇಕು. ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಯೋಜನೆ ಆರಂಭಿಸಿದ್ದೇ ಹೆಣ್ಣುಶಿಶು ಹತ್ಯೆಯನ್ನು ತಡೆಯಲು.

ಈ ತಡಕ್ಕೆ ಬೇಸತ್ತವರ ಕಿವಿಯಲ್ಲಿ ಒಬ್ಬ ಪುಣ್ಯಾತ್ಮ ಬಂದು ಉಸುರುತ್ತಾನೆ: "ನಮ್ಮೂರಿನ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಒಂದು ಕೂಸು ಇದೆ. ಒಳ್ಳೆಯ ಮನೆತನದ್ದು. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರೇ ಹಾಕಿಸಿಕೊಡುತ್ತಾರೆ." ನನ್ನ ಬಳಿ ಬಂದ ನಾಲ್ಕು ಕುಟುಂಬಗಳಲ್ಲಿ ಎರಡಕ್ಕೆ ಇಂಥ ಕರೆ ಬಂದಿತ್ತು. ಊರಿಗೆ ದೂರವಾದ ನಮಗೆ ಇಂಥ ಕರೆಯಲ್ಲಿ ಒಂದು ವಿಶೇಷ ಸೆಳೆತವಿದೆ: ಕೂಸು ಊರಿನದು, ಹೇಳುವವನು ನೆಂಟ, ಇಲ್ಲಿನ ನೆರೆಹೊರೆಗೆ ಗೊತ್ತಾಗುವುದಿಲ್ಲ. ಕಾನೂನು ಏನು ಹೇಳುತ್ತದೆಂದು ಕೇಳಿ. ಮಗುವನ್ನು ಕೊಳ್ಳುವವನಿಗೂ ಮಾರುವವನಿಗೂ ಐದು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಈ ಕೃತ್ಯ ಮಾಡಿದರೆ ಮೂರರಿಂದ ಏಳು ವರ್ಷ. ಶಿಕ್ಷೆಯ ಮಾತು ಒತ್ತಟ್ಟಿಗಿರಲಿ. ಸುಳ್ಳು ಪ್ರಮಾಣಪತ್ರದ ಮೇಲೆ ನಿಂತ ಮಗುವಿಗೆ ನಾಳೆ ಆಸ್ತಿಯ ಪ್ರಶ್ನೆ ಬಂದಾಗ ದಾಯಾದಿ ಅದೇ ಕಾಗದವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುತ್ತಾನೆ. ಸರ್ಕಾರದ ದಾರಿಯಲ್ಲಿ ಬಂದ ಮಗುವಿಗಾದರೋ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಎಲ್ಲ ಹಕ್ಕುಗಳೂ ಆದೇಶದ ದಿನದಿಂದ ಬರುತ್ತವೆ. ತಂದೆ ತಾಯಿಯೆಂದು ದತ್ತು ಪಡೆದವರ ಹೆಸರುಳ್ಳ ಜನನ ಪ್ರಮಾಣಪತ್ರವೂ ನ್ಯಾಯವಾಗಿಯೇ ಸಿಗುತ್ತದೆ. ಶುಲ್ಕ ನಿಯಮದಲ್ಲಿ ನಿಗದಿಯಾಗಿದೆ. ಅದರಾಚೆ ಒಂದು ರೂಪಾಯಿಯನ್ನು ಕೇಳಿದರೂ, ಅದು ದೇಣಿಗೆ ಎಂದರೂ, ಕೊಡಬೇಡಿ.

ನಿಯಮದ ವಿವರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದಂಪತಿಯಾದರೆ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯ ಇರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಸ್ತ್ರೀ ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯರ ವಯಸ್ಸುಗಳ ಮೊತ್ತ 85 ಮೀರಬಾರದು. ಎಂಟು ವರ್ಷ ದಾಟಿದ ಮಗುವಾದರೆ 110ರವರೆಗೂ ಆಗಬಹುದು. ನೋಂದಣಿಯ ನಂತರ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಸಿದ್ಧಪಡಿಸುತ್ತಾರೆ. ಅವರು ಬರುವ ದಿನ ಮನೆಗೆ ಸುಣ್ಣ ಬಳಿಸಿದವರಿದ್ದಾರೆ. ಅವರು ನೋಡಲು ಬರುವುದು ಗೋಡೆಯನ್ನಲ್ಲ. ಮಗು ಮನೆಗೆ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಭೇಟಿ ಇರುತ್ತದೆ.

ಇನ್ನು ನನಗೆ ಮುಖ್ಯವೆನಿಸಿದ ಮಾತು. ಸರದಿ ಇಷ್ಟು ಉದ್ದವಾಗಿರುವುದು ಆರೋಗ್ಯವಂತ ಶಿಶುವಿಗಾಗಿ. ಐದು ವರ್ಷ ದಾಟಿದ ಮಕ್ಕಳು, ಜೊತೆಯಲ್ಲೇ ಇರಬೇಕಾದ ಅಣ್ಣ ತಂಗಿಯರು, ಕಿವುಡೋ ಕಾಲಿನ ಊನವೋ ಇರುವ ಮಕ್ಕಳು, ಇವರಿಗಾಗಿ ಅಂಥ ಸರದಿಯಿಲ್ಲ. ಅವರೇ ಕಾಯುತ್ತಿದ್ದಾರೆ. ನಮ್ಮ ಪರಿಚಯದ ದಂಪತಿಯೊಬ್ಬರು ಎರಡು ವರ್ಷ ಶಿಶುವಿಗಾಗಿ ಕಾದು, ಬಹಳ ಯೋಚಿಸಿ, ಒಡಿಶಾದ ಸಂಸ್ಥೆಯೊಂದರಿಂದ ಆರು ವರ್ಷದ ಹುಡುಗಿಯನ್ನು ಕರೆತಂದರು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಆ ಮಗುವಿಗೆ ಒಡಿಯಾ ಬಿಟ್ಟು ಬೇರೆ ಮಾತಿಲ್ಲ. ಮನೆಯಲ್ಲಿ ಧಾರವಾಡ ಕಡೆಯ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಮೊದಲ ಎರಡು ತಿಂಗಳು ಅವಳು ಹೆಚ್ಚು ಮಾತನಾಡಲೇ ಇಲ್ಲ. ಯಾರು ಎತ್ತರದ ದನಿಯಲ್ಲಿ ಮಾತನಾಡಿದರೂ ತನ್ನ ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದಳು. ಮರಳಿ ಕಳುಹಿಸುತ್ತಾರೆಂಬ ಭಯ. ಆ ಭಯ ಆಧಾರವಿಲ್ಲದ್ದೇನಲ್ಲ: ದೊಡ್ಡ ಮಕ್ಕಳನ್ನು ಕರೆತಂದು, ಹೊಂದಿಕೆಯಾಗಲಿಲ್ಲವೆಂದು ಹಿಂದಿರುಗಿಸಿದ ಕುಟುಂಬಗಳು ಈ ದೇಶದಲ್ಲಿವೆ.

ನಮ್ಮ ಧಾರವಾಡ ಕಡೆ ಅಜ್ಜಿಯನ್ನು 'ಆಯಿ' ಎನ್ನುವುದುಂಟು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಕೆಳಗೆ ಆಡುವ ಮಕ್ಕಳೆಲ್ಲ ತಮ್ಮ ತಾಯಂದಿರನ್ನು ಆಯಿ ಎಂದು ಕೂಗುವುದನ್ನು ಕೇಳಿದ ಈ ಹುಡುಗಿ, ಮನೆಯಲ್ಲಿ ಆಯಿ ಎನಿಸಿಕೊಳ್ಳುವ ಎಪ್ಪತ್ತು ದಾಟಿದ ಮುದುಕಿಯೇ ತನ್ನ ತಾಯಿಯೆಂದು ತಿಳಿದಳು. ಅವರ ಸೆರಗನ್ನು ಬಿಡಲಿಲ್ಲ. ದತ್ತಕವನ್ನು ಅತಿ ಹೆಚ್ಚು ವಿರೋಧಿಸಿದ್ದವರು ಆ ಮುದುಕಿಯೇ. ಯಾವ ಊರಿನ, ಯಾವ ಕುಲದ ಮಗುವೋ ಎಂದು ಮೂರು ದಿನ ಮಾತು ಬಿಟ್ಟಿದ್ದರಂತೆ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂರುವ ಮಗುವಿಗೆ ಒಂದು ಸಣ್ಣ ಹಿಟ್ಟಿನ ಉಂಡೆ ಕೊಟ್ಟು ಕೂರಿಸಿದವರೂ ಅವರೇ. ಕನ್ನಡ ಕಲಿಸಬೇಕೆಂದು ಯಾರೂ ಹೊರಡಲಿಲ್ಲ. ಆರೇಳು ತಿಂಗಳಲ್ಲಿ ಅವಳು ಅಜ್ಜಿಯ ಹಾಗೆಯೇ "ಹಂಗ್ಯಾಕ ಮಾಡ್ತೀ?" ಎನ್ನತೊಡಗಿದಳು. ಅವಳ ಒಡಿಯಾ ಮರೆಯುತ್ತಿದೆ ಎಂಬುದು ಮಾತ್ರ ತಂದೆ ತಾಯಿಗೆ ಈಗ ಬೇಸರ. ಕಟ್ಟಡದ ಬಳಿ ಒಡಿಶಾದ ಕೆಲಸಗಾರರ ಕುಟುಂಬವೊಂದಿದ್ದು, ಭಾನುವಾರ ಅಲ್ಲಿಗೆ ಕರೆದೊಯ್ಯುತ್ತಾರೆ.

"ಒಂದೇ ಪರಿಸರದ ಮಗು ಬೇಗ ಹೊಂದಿಕೊಳ್ಳುತ್ತದೆ" ಎಂಬ ಸರ್ಕಾರದ ತರ್ಕವನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಅದು ಬೇರೂರಿದವರನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ತರ್ಕ. ಪರಭಾಷೆಯ ನೆಲಕ್ಕೆ ಬರಿಗೈಯಲ್ಲಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ನೆಲೆ ಕಂಡುಕೊಂಡವರ ಮಕ್ಕಳು ಮೊಮ್ಮಕ್ಕಳು ನಾವು. ಹೊಸ ಮಾತಿನ ನಡುವೆ ಮೂಕರಾಗಿ ನಿಲ್ಲುವುದೆಂದರೇನೆಂದು ನಮ್ಮ ಮನೆಗಳಿಗೆ ಗೊತ್ತು. ಆ ಅಂಕಣದಲ್ಲಿ ಕರ್ನಾಟಕವೆಂದು ಬರೆಯುವುದು ತಪ್ಪಲ್ಲ; ಅದೊಂದೇ ದಾರಿಯೆಂದು ಹಟ ಹಿಡಿಯುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಸರ್ಕಾರಿ ನೌಕರರಿಗೆ ಒಂದು ಮಾತು. ಕೇಂದ್ರದ ರಜಾ ನಿಯಮಗಳಲ್ಲಿ, ಎರಡಕ್ಕಿಂತ ಕಡಿಮೆ ಮಕ್ಕಳಿರುವ ಮಹಿಳಾ ನೌಕರರಿಗೆ ದತ್ತು ಪಡೆದಾಗ 180 ದಿನಗಳ ರಜೆಯಿದೆ; ಪುರುಷರಿಗೆ 15 ದಿನ. ಆದರೆ ಮಗು ಒಂದು ವರ್ಷದೊಳಗಿನದಾಗಿರಬೇಕು. ದೊಡ್ಡ ಮಗುವನ್ನು ತರುವವಳಿಗೆ ಈ ರಜೆಯ ಅಗತ್ಯ ಹೆಚ್ಚು, ಅವಳಿಗೇ ಅದಿಲ್ಲ. ಸದ್ಯಕ್ಕೆ ಶಿಶುಪಾಲನಾ ರಜೆಯನ್ನು ಬಳಸಿಕೊಳ್ಳಬಹುದು. ನೌಕರರ ಸಂಘಗಳು ತುಟ್ಟಿಭತ್ಯೆಯ ಜೊತೆಗೆ ಇದನ್ನೂ ಕೇಳಬೇಕು.

ಮಗುವಿಗೆ ಸತ್ಯ ಹೇಳುವುದು ಯಾವಾಗ ಎಂದು ಹಲವರು ಕೇಳುತ್ತಾರೆ. ಮಗುವಿಗೆ ತನ್ನ ಮೂಲವನ್ನು ಅರಸುವ ಹಕ್ಕನ್ನು ನಿಯಮವೇ ಕೊಟ್ಟಿದೆ. ಹಡೆದವಳ ಗೌಪ್ಯವನ್ನೂ ಕಾಪಾಡಿದೆ. ಮದುವೆಯ ಮನೆಯಲ್ಲಿ ದೂರದ ನೆಂಟನೊಬ್ಬ ಹೇಳುವ ಮೊದಲು ನೀವೇ ಹೇಳಿ, ಮಗು ಚಿಕ್ಕದಿರುವಾಗಲೇ ಹೇಳಿ. ನಮ್ಮ ಕಾವ್ಯಪರಂಪರೆ ಕರ್ಣನಿಗಾಗಿ ಎಷ್ಟು ಕಣ್ಣೀರು ಸುರಿಸಿದೆ! ಅವನ ದುಃಖ ರಾಧೆಯ ಮನೆಯಲ್ಲಿ ಬೆಳೆದದ್ದರಿಂದ ಬಂದದ್ದಲ್ಲ; ಹುಟ್ಟಿನ ಗುಟ್ಟನ್ನು ಯುದ್ಧದ ಹೊಸ್ತಿಲಲ್ಲಿ, ತಮ್ಮ ಪ್ರಯೋಜನಕ್ಕಾಗಿ, ಬೇರೆಯವರು ಬಂದು ಹೇಳಿದ್ದರಿಂದ ಬಂದದ್ದು.

ಕೊನೆಯದಾಗಿ ನಮ್ಮ ಸಂಘಕ್ಕೇ ಒಂದು ವಿನಂತಿ. ಮಕ್ಕಳ ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ 'ಮಗುವಿನ ಮಾತೃಭಾಷೆ', 'ಮೂಲ ಊರು' ಎಂಬ ಎರಡು ಅಂಕಣಗಳಿವೆ. ನಾನು ಹೇಳಿದ ಹುಡುಗಿಯ ತಂದೆ ಕಳೆದ ವರ್ಷ ಅರ್ಜಿ ಒಯ್ದು, ತುಂಬಲಾಗದೆ ಹಾಗೆಯೇ ಇಟ್ಟುಕೊಂಡಿದ್ದಾರೆ. ಮುಂದಿನ ಜೂನ್ ತಿಂಗಳಿಗೆ ನಮೂನೆ ಮುದ್ರಣಕ್ಕೆ ಹೋಗುವಾಗ ಆ ಎರಡನ್ನೂ ತೆಗೆದು, ಮಗುವಿಗೆ ಕನ್ನಡ ಓದಲು ಬರೆಯಲು ಬರುತ್ತದೆಯೇ ಎಂದಷ್ಟೆ ಕೇಳಬೇಕೆಂದು ಕಾರ್ಯದರ್ಶಿಗಳಲ್ಲಿ ಕೋರುತ್ತೇನೆ. ನೋಂದಣಿಗೆ ನೆರವು ಬೇಕಾದವರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಕಾಣಬಹುದು. ಎಲ್ಲಿಯಾದರೂ ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಿ, ಮನೆಗೆ ಎತ್ತಿಕೊಂಡು ಹೋಗಬೇಡಿ. ವಿನಿಯಮಗಳ ಒಂದು ಪ್ರತಿಯನ್ನು ನಮ್ಮ ಗ್ರಂಥಾಲಯದಲ್ಲಿ ಇರಿಸಿದ್ದೇನೆ.